ಶಾಲೆಗೆ ಎಷ್ಟು ದೂರ?

ಉಲ್ಲಾಳವೆಂದೊಡನೆ ಕನ್ನಡಿಗರಲ್ಲಿ ಬಹುಮಂದಿಯ ಮನಸ್ಸು ಮಂಗಳೂರಿನ ನೆರೆಯ ಕಡಲ ತೀರಕ್ಕೂ, ಪೋರ್ಚುಗೀಸರನ್ನು ಎದುರಿಸಿ ನಿಂತ ರಾಣಿ ಅಬ್ಬಕ್ಕನ ಕಡೆಗೂ ಹರಿಯುವುದು ಸಹಜ. ನಾನು ಹೇಳಹೊರಟಿರುವುದು ಆ ಉಲ್ಲಾಳದ ಮಾತಲ್ಲ. ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಗೂ ಜ್ಞಾನಭಾರತಿಗೂ ನೆರೆಯಾಗಿ, ಒಂದು ಕೆರೆಯ ಆಸರೆಯಲ್ಲಿ ಬೆಳೆದ ಇನ್ನೊಂದು ಉಲ್ಲಾಳವಿದೆ. ಹಿಂದೆ ಅದು ಹೊಲತೋಟಗಳ ನಡುವಣ ಹಳ್ಳಿ. ಈಗ ನಗರವೇ ಬೆಳೆದು ಬಂದು ಅದನ್ನು ಒಳಗೆ ಸೇರಿಸಿಕೊಂಡಿದೆ. ಅದರ ಮಗ್ಗುಲಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನಿರ್ಮಿಸಿದ ಬಡಾವಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಟ್ಟಿದ್ದಾರೆ. ಸಂಜೆಯ ಹೊತ್ತು ಆ ಕಡೆ ತಿರುಗಾಡಿ ಬರುವುದು ನನಗೆ ರೂಢಿ.

ಕೆಲವು ತಿಂಗಳ ಹಿಂದೆ ಅಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಮುಂದೆ, ಮರಳರಾಶಿಯ ಮೇಲೆ, ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳಿನಿಂದ ಮರಳಿನಲ್ಲಿ ಏನೋ ಗೀಚುತ್ತಿದ್ದಳು. ಉಪಾಧ್ಯಾಯನ ಕಣ್ಣು ಇಂಥದನ್ನು ಬಿಟ್ಟು ಮುಂದೆ ಹೋಗದು. ಹತ್ತಿರ ಹೋಗಿ ನೋಡಿದರೆ ಅದು ಅಕ್ಷರವೇ. ಆದರೆ ಅರ್ಧಕ್ಕೆ ನಿಂತಿತ್ತು. ಶಾಲೆಗೆ ಏಕೆ ಹೋಗುವುದಿಲ್ಲವೆಂದು ಅವಳ ತಾಯಿಯನ್ನು ಕೇಳಿದೆ. ಆಕೆ ರಾಯಚೂರಿನ ಕಡೆಯವಳು. “ಸಾಲಿ ದೂರ ಏನಿಲ್ರಿ. ಇಕಿ ಹೋದ್ರ ಸಣ್ಣಕೂಸನ್ನ ಯಾರು ನೋಡ್ಕೋಬೇಕು?” ಎಂದು ನನ್ನನ್ನೇ ಕೇಳಿದಳು. ಉತ್ತರ ಹೇಳಲು ನನಗೆ ತತ್‌ಕ್ಷಣ ತೋಚಲಿಲ್ಲ. ಮನೆಗೆ ಹಿಂದಿರುಗುವಾಗ ಆ ಮಾತೇ ಮನಸ್ಸಿನಲ್ಲಿ ಸುಳಿಯುತ್ತಿತ್ತು. ಶಾಲೆ ದೂರವಲ್ಲ, ಆದರೂ ಮಗು ಶಾಲೆಯನ್ನು ಮುಟ್ಟಿಲ್ಲ. ಹಾಗಾದರೆ ಶಾಲೆಗೆ ಇರುವ ದೂರವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ನಮ್ಮ ನಾಡಿನಲ್ಲಿ ವಿದ್ಯಾಭ್ಯಾಸ ಹರಡಿದ ಕಥೆಯನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ನೋಡಬಹುದೆಂದು ನನಗೆ ತೋರಿತು.

ಮರಳಿನ ಮೇಲೆ ಬರೆಯುವುದು ನಮಗೆ ಹೊಸದಲ್ಲ. ನಮ್ಮ ಹಿರಿಯರು ಓದಿದ ಕೂಲಿಮಠಗಳಲ್ಲಿ ಮಕ್ಕಳು ಅಕ್ಷರ ತಿದ್ದುತ್ತಿದ್ದುದು ಮರಳಿನಲ್ಲಿಯೇ. ಊರಿನ ಯಾವುದೋ ಜಗಲಿ ಇಲ್ಲವೆ ಗುಡಿಯ ಪಡಸಾಲೆ ಪಾಠಶಾಲೆಯಾಗುತ್ತಿತ್ತು. ಅಯ್ಯನವರಿಗೆ ಮಕ್ಕಳ ಮನೆಯವರು ಕೊಡುವ ಕಾಸು, ದವಸಗಳೇ ಸಂಬಳ. ಅಮರಕೋಶವನ್ನು ಬಾಯಿಪಾಠ ಮಾಡುವುದು, ಮಗ್ಗಿ ಒಪ್ಪಿಸುವುದು, ಜೈಮಿನಿ ಭಾರತವನ್ನು ರಾಗವಾಗಿ ಓದುವುದು, ಲೆಕ್ಕಪತ್ರ ಬರೆಯುವುದು ಇವಿಷ್ಟು ಅಲ್ಲಿನ ವಿದ್ಯೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. ಈ ಕ್ರಮವನ್ನು ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ತನ್ನ ಅನಾಥಾಲಯದ ಶಾಲೆಯಲ್ಲಿ ಅದನ್ನು ಅಳವಡಿಸಿ, ಬಳಿಕ ಇಂಗ್ಲೆಂಡಿಗೂ ಒಯ್ದನು. ಅಲ್ಲಿ ಅದು ಮದರಾಸು ಪದ್ಧತಿಯೆಂದು ಹೆಸರಾಯಿತು.

ಕೂಲಿಮಠಗಳ ಗುಣವನ್ನು ಹೇಳುವವರು ಅವುಗಳ ಇತಿಮಿತಿಯನ್ನೂ ಹೇಳಬೇಕಾಗುತ್ತದೆ. ಅದಕ್ಕೆ ಬಳ್ಳಾರಿಯ ಒಂದು ದಾಖಲೆ ಸಾಕ್ಷಿಯಾಗಿದೆ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳಿಂದಲೂ ದೇಶೀಯ ಪಾಠಶಾಲೆಗಳ ಲೆಕ್ಕವನ್ನು ತರಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿ ಇಂದಿಗೂ ಓದತಕ್ಕದ್ದಾಗಿದೆ. ಒಂಬತ್ತು ಲಕ್ಷಕ್ಕೂ ಮಿಗಿಲಾದ ಜನವಿದ್ದ ಆ ಜಿಲ್ಲೆಯಲ್ಲಿ 533 ಪಾಠಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಎಂದರೆ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ. ಆ ಆರು ಸಾವಿರ ಚಿಲ್ಲರೆ ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಕಲಿಸುವ ಕ್ರಮದಲ್ಲಿದ್ದ ಮಿತವ್ಯಯವನ್ನು ಕ್ಯಾಂಬೆಲ್ ಮನಸಾರೆ ಹೊಗಳಿದ್ದಾನೆ. ಜೊತೆಗೆ, ನಾಡಿನಲ್ಲಿ ಬಡತನ ಹೆಚ್ಚಿ, ತಂದೆತಾಯಿಗಳಿಗೆ ಮಕ್ಕಳ ಓದಿನ ಅಲ್ಪ ವೆಚ್ಚವನ್ನು ಭರಿಸುವುದೂ ಕಷ್ಟವಾಗಿ, ಶಾಲೆಗಳು ಕ್ಷೀಣಿಸುತ್ತಿವೆಯೆಂದೂ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಪಾಠದ ಜಗಲಿ ಮನೆಯ ಎದುರಿಗೇ ಇದ್ದರೂ, ಕಾಸಿಲ್ಲದ ಮನೆಯ ಮಗುವಿಗೆ ಅದು ಬಹು ದೂರವೇ ಆಗಿತ್ತು.

ಮೈಸೂರು ಸಂಸ್ಥಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. 1854ರ ವುಡ್ ಮಹಾಶಯನ ನಿರೂಪವು ವಿದ್ಯಾಭ್ಯಾಸವನ್ನು ಸರ್ಕಾರದ ಹೊಣೆಯೆಂದು ಸಾರಿದ ಮೇಲೆ, 1857ರಲ್ಲಿ ಇಲ್ಲಿ ವಿದ್ಯಾ ಇಲಾಖೆ ಸ್ಥಾಪಿತವಾಯಿತು. ಮರುವರ್ಷ ಬೆಂಗಳೂರಿನಲ್ಲಿ ಹೈಸ್ಕೂಲು ಆರಂಭವಾಗಿ, ಮುಂದೆ ಅದೇ ಸೆಂಟ್ರಲ್ ಕಾಲೇಜಾಯಿತು. ಆದರೆ ಇವೆಲ್ಲ ಪಟ್ಟಣದ ಮಾತು. ಹಳ್ಳಿಯ ಕಡೆಗೆ ಮೊದಲು ಮುಖ ಮಾಡಿದ ಯೋಜನೆ ಹೊರಟದ್ದು 1868ರಲ್ಲಿ. ಅದರ ಕರ್ತೃ ಬಿ. ಎಲ್. ರೈಸ್.

ರೈಸ್ ಸಾಹೇಬರ ಹೆಸರು ನಮ್ಮ ಪಂಡಿತವರ್ಗಕ್ಕೆ ಶಾಸನಗಳಿಂದ ಪರಿಚಿತ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳು ಅವರ ಕೀರ್ತಿಸ್ತಂಭಗಳಾಗಿ ನಿಂತಿವೆ. ಅವರು ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಕೆಲಸಕ್ಕೆ ಸೇರಿ, ಬಳಿಕ ಶಾಲೆಗಳ ತಪಾಸಣೆಯ ಅಧಿಕಾರಿಯಾದರು. ಶಾಲೆಗಳನ್ನು ನೋಡಲೆಂದು ಊರೂರು ತಿರುಗುವಾಗಲೇ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಆ ಹಳ್ಳಿಗಳಲ್ಲಿ ಏಳುನೂರು ಎಂಟುನೂರು ವರ್ಷಗಳಿಂದ ಅಕ್ಷರಗಳು ಕಲ್ಲಿನ ಮೇಲೆ ನಿಂತಿದ್ದವು. ಕಲ್ಲಿನ ಪಕ್ಕದಲ್ಲಿ ದನ ಮೇಯಿಸುತ್ತಿದ್ದ ಹುಡುಗನಿಗೆ ತನ್ನ ಹೆಸರು ಬರೆಯಲೂ ಬಾರದು. ಎರಡನ್ನೂ ಕಂಡ ಮನುಷ್ಯ ರೈಸ್. ಕಲ್ಲಿನ ಕೆಲಸವನ್ನು ನಾವು ಮರೆತಿಲ್ಲ. ಹುಡುಗನಿಗಾಗಿ ಮಾಡಿದ ಕೆಲಸವನ್ನು ಅಷ್ಟಾಗಿ ನೆನೆಯುವುದಿಲ್ಲ. ಸಂಸ್ಥಾನದ ಪ್ರತಿಯೊಂದು ಹೋಬಳಿಗೂ ಒಂದು ಶಾಲೆಯಿರಬೇಕು, ಅಲ್ಲಿ ನಾರ್ಮಲ್ ಸ್ಕೂಲಿನಲ್ಲಿ ತರಬೇತಾದ ಉಪಾಧ್ಯಾಯನಿರಬೇಕು, ಪಾಠ ದೇಶಭಾಷೆಯಲ್ಲಿ ನಡೆಯಬೇಕು ಎಂಬುದು ಅವರ ಯೋಜನೆಯ ಸಾರ. ಕೂಲಿಮಠದ ಅಯ್ಯನವರ ಜಾಗದಲ್ಲಿ ಸರ್ಕಾರದ ಸಂಬಳ ಪಡೆಯುವ ಮೇಷ್ಟರು ಹಳ್ಳಿಗೆ ಬಂದುದು ಹೀಗೆ.

ಕಾಲಕ್ಕೆ ಇದು ದೊಡ್ಡ ಹೆಜ್ಜೆ. ಆದರೂ ದೂರವನ್ನು ಸ್ವಲ್ಪ ಅಳೆದು ನೋಡೋಣ. ಕಂದಾಯದ ಕಾಗದಗಳಲ್ಲಿ ನಮ್ಮ ಉಲ್ಲಾಳ ಯಶವಂತಪುರ ಹೋಬಳಿಗೆ ಸೇರಿದ ಗ್ರಾಮ. ಹೋಬಳಿಯ ಊರಿನಲ್ಲಿ ಶಾಲೆಯಿದೆ ಎಂದುಕೊಂಡರೆ, ಉಲ್ಲಾಳದ ಮಗು ಹೋಗುವುದಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು, ಬರುವುದಕ್ಕೆ ಮತ್ತೆ ಅಷ್ಟು ನಡೆಯಬೇಕು. ಏಳು ವರ್ಷದ ಕಾಲುಗಳಿಗೆ ಇದು ಆಗದ ಮಾತು. ಒಂದು ಹೋಬಳಿಗೆ ಸೇರಿದ ಹಳ್ಳಿಗಳು ಹತ್ತಾರು, ಶಾಲೆ ಒಂದು. ಶಾಲೆಯ ಊರಿನ ಮಕ್ಕಳು ಕಲಿತರು, ಉಳಿದ ಊರುಗಳ ಮಕ್ಕಳು ದನದ ಹಿಂದೆ ಹೋದರು. ನಕ್ಷೆಯ ಮೇಲೆ ಹೋಬಳಿಗೆ ಶಾಲೆಯ ಗುರುತು ಬಿದ್ದಿತು. ಅದು ಅಧಿಕಾರಿಯ ಅಳತೆ. ಮಗುವಿನ ಕಾಲಿನ ಅಳತೆ ಬೇರೆ.

ಕಾಲಿನ ಅಳತೆಯನ್ನು ಬಲ್ಲವರೊಬ್ಬರು ಮುಂದೆ ಈ ಸಂಸ್ಥಾನದ ದಿವಾನರಾದರು. ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಓದಿಗಾಗಿ ಚಿಕ್ಕಬಳ್ಳಾಪುರಕ್ಕೂ, ಅಲ್ಲಿಂದ ಬೆಂಗಳೂರಿಗೂ ಬಂದವರು. ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿ, ಅದರ ವರಮಾನದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1881ರಲ್ಲಿ ಬಿ. ಎ. ತೇರ್ಗಡೆಯಾದವರು. 1912ರಲ್ಲಿ ಅವರು ದಿವಾನರಾದಾಗ ದೇಶದಲ್ಲಿ ಕಡ್ಡಾಯ ಶಿಕ್ಷಣದ ಚರ್ಚೆ ಬಿಸಿಯಾಗಿಯೇ ಇತ್ತು. ಬರೋಡೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ಪ್ರಾಂತದಲ್ಲಿ ಪ್ರಯೋಗ ಮಾಡಿ, 1906ರಲ್ಲಿ ತಮ್ಮ ರಾಜ್ಯಕ್ಕೆಲ್ಲ ಅದನ್ನು ವಿಸ್ತರಿಸಿದ್ದರು. ಗೋಪಾಲಕೃಷ್ಣ ಗೋಖಲೆಯವರು ಬ್ರಿಟಿಷ್ ಇಂಡಿಯಕ್ಕೂ ಅಂತಹ ಕಾನೂನು ಬೇಕೆಂದು 1911ರಲ್ಲಿ ಮಸೂದೆ ತಂದರು. ಮರುವರ್ಷ ಅದು ಬಿದ್ದುಹೋಯಿತು. ಕಲ್ಕತ್ತೆ, ದಿಲ್ಲಿಗಳಲ್ಲಿ ಆಗದ ಕೆಲಸವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮರುವರ್ಷವೇ ಕೈಗೊಂಡಿತು. 1913ರ ಮೈಸೂರು ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಎಂಬ ಕಾನೂನಿನಿಂದ, ಆರಿಸಿದ ಕೆಲವು ಸ್ಥಳಗಳಲ್ಲಿ ಗಂಡುಮಕ್ಕಳ ಶಾಲಾ ಹಾಜರಿ ಕಡ್ಡಾಯವಾಯಿತು. ವಿಶ್ವೇಶ್ವರಯ್ಯನವರು 1918ರಲ್ಲಿ ಅಧಿಕಾರ ಬಿಡುವ ವೇಳೆಗೆ ಸಂಸ್ಥಾನದ ಶಾಲೆಗಳ ಸಂಖ್ಯೆಯೂ ಓದುವ ಮಕ್ಕಳ ಸಂಖ್ಯೆಯೂ ಎರಡು ಪಟ್ಟು ಮೀರಿದ್ದವು. ಹೋಬಳಿಯಲ್ಲಿದ್ದ ಶಾಲೆ ಈಗ ಹಳ್ಳಿಯ ಕಡೆಗೆ ನಡೆಯತೊಡಗಿತು.

ಶಾಲೆ ಹಳ್ಳಿಗೆ ಬಂದರೆ ಸಾಕೆ? ಹಳ್ಳಿಯೊಳಗೇ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಇದ್ದ ದೂರವನ್ನು ಯಾವ ಗಜಕಡ್ಡಿಯೂ ಅಳೆಯಲಾರದು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯ ಹೊಸ್ತಿಲು ಹತ್ತಿರವಿದ್ದೂ ದುರ್ಗಮವಾಗಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಆ ಮಕ್ಕಳಿಗಾಗಿಯೇ ಶಾಲೆ ತೆರೆದು, ತಮ್ಮವರಿಂದಲೇ ಬಹಿಷ್ಕಾರದ ಕಷ್ಟವನ್ನು ಅನುಭವಿಸಿದರು. ಮೈಸೂರಿನಲ್ಲಿ 1915ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಯಾವ ಜಾತಿಯ ಮಗುವಿಗೂ ಪ್ರವೇಶ ನಿರಾಕರಿಸಕೂಡದೆಂದು ಆಜ್ಞೆಯಾಯಿತು. ಆಜ್ಞೆ ಹೊರಟ ದಿನವೇ ಮನಸ್ಸುಗಳು ತಿರುಗಲಿಲ್ಲ. ಆದರೂ ಬಾಗಿಲಲ್ಲಿ ನಿಂತ ಮಗುವಿನ ಕೈಯಲ್ಲಿ ಒಂದು ಹಕ್ಕಿನ ಮಾತು ಬಂದಂತಾಯಿತು.

ಹೆಣ್ಣುಮಕ್ಕಳ ದೂರವಂತೂ ಬೇರೆಯೇ. ಅಂಬಿಲ್ ನರಸಿಂಹ ಅಯ್ಯಂಗಾರ್ಯರು 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯನ್ನು ತೆರೆದಾಗ, ಮೇಲ್ಜಾತಿಯ ಮನೆಗಳ ಸಂಕೋಚವನ್ನು ಬಿಡಿಸಲು ಅರಮನೆಯ ಹೆಸರೇ ಬೇಕಾಯಿತು. ಮೂವತ್ತೆರಡು ವರ್ಷಗಳ ನಂತರದ ಕಡ್ಡಾಯದ ಕಾನೂನು ಸಹ ಗಂಡುಮಕ್ಕಳಿಂದಲೇ ಮೊದಲಾಯಿತು.

ಇನ್ನು ಭಾಷೆಯ ದೂರ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಗಳ ಕಡೆ ಕನ್ನಡದ ಮಕ್ಕಳು ಮರಾಠಿ ಶಾಲೆಗಳಲ್ಲಿ ಕೂರಬೇಕಾದ ಕಾಲವಿತ್ತು. ವಿದ್ಯಾ ಇಲಾಖೆಯಲ್ಲಿ ಡೆಪ್ಯುಟಿಯಾಗಿದ್ದ ಚನ್ನಬಸಪ್ಪನವರು, ಅವರಿಗೆ ಬೆಂಬಲವಾಗಿದ್ದ ರಸೆಲ್ ಸಾಹೇಬರು, 1860ರ ದಶಕದಲ್ಲಿ ಅಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರುಗಳಲ್ಲಿ ಉರ್ದುವಿನ ಪ್ರಾಬಲ್ಯ 1948ರ ತನಕ ಉಳಿದಿತ್ತು. ಮನೆಯ ಮಾತಿಗೆ ಶಾಲೆಯಲ್ಲಿ ಸ್ಥಾನವಿಲ್ಲವೆಂದರೆ, ಮಗು ಬೆಂಚಿನ ಮೇಲೆ ಕುಳಿತೂ ಹೊರಗೇ ಉಳಿಯುತ್ತದೆ. ನನ್ನನ್ನು ಪ್ರಶ್ನಿಸಿದ ಆ ರಾಯಚೂರಿನ ತಾಯಿಯ ಅಜ್ಜಿ ಮುತ್ತಜ್ಜಿಯರ ಕಾಲದಲ್ಲಿ ಶಾಲೆ ಇಷ್ಟು ದೂರವಿತ್ತು ಎಂಬುದನ್ನು ನೆನೆದರೆ, ಈ ದೂರ ತಲೆಮಾರುಗಳ ದೂರವೆಂದು ತಿಳಿಯುತ್ತದೆ.

ಸ್ವಾತಂತ್ರ್ಯ ಬಂದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೆಯ ವಿಧಿ, ಹತ್ತು ವರ್ಷಗಳೊಳಗೆ ಹದಿನಾಲ್ಕು ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ದೊರೆಯಲು ಪ್ರಯತ್ನಿಸಬೇಕೆಂದು ಹೇಳಿತು. 1951ರ ಜನಗಣತಿಯಲ್ಲಿ ಭಾರತದಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 18 ಮಂದಿ ಮಾತ್ರ. 1956ರಲ್ಲಿ ಕನ್ನಡನಾಡು ಒಂದಾದಾಗ ಐದು ಆಡಳಿತಗಳ ಐದು ಬಗೆಯ ಶಾಲಾಪದ್ಧತಿಗಳನ್ನು ಹೊಂದಿಸಬೇಕಾಯಿತು. 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು.

ಇದೇ ಹೊತ್ತಿಗೆ ಹೊಸದಾಗಿ ಬಿಡುಗಡೆ ಹೊಂದಿದ ಇತರ ದೇಶಗಳೂ ಇಂಥದೇ ಸಂಕಲ್ಪ ಮಾಡಿದವು. 1960ರ ಆರಂಭದಲ್ಲಿ ಕರಾಚಿಯಲ್ಲಿ ಏಷ್ಯದ ದೇಶಗಳೂ, 1961ರಲ್ಲಿ ಆಡಿಸ್ ಅಬಾಬದಲ್ಲಿ ಆಫ್ರಿಕದ ದೇಶಗಳೂ ಯುನೆಸ್ಕೋ ಆಶ್ರಯದಲ್ಲಿ ಸೇರಿ, 1980ರ ವೇಳೆಗೆ ಪ್ರಾಥಮಿಕ ಶಿಕ್ಷಣ ಸಾರ್ವತ್ರಿಕವಾಗಬೇಕೆಂದು ಗುರಿಯಿಟ್ಟವು. 1980 ಕಳೆಯಿತು. 1990ರಲ್ಲಿ ಥಾಯ್ಲೆಂಡಿನ ಜೋಮ್ಟಿಯನ್ನಿನಲ್ಲಿ ಸೇರಿದವರು 2000 ಎಂದರು. 2000ದಲ್ಲಿ ಸೆನೆಗಲಿನ ಡಾಕರಿನಲ್ಲಿ ಸೇರಿದವರು 2015 ಎಂದರು. ಈಗ ಹೇಳುತ್ತಿರುವುದು 2030. ಗಡುವು ಮುಂದೆ ಮುಂದೆ ಹೋಗುತ್ತಿದೆಯೆಂದು ನಗುವವರಿದ್ದಾರೆ. ಆದರೆ ಪ್ರತಿ ಗಡುವಿನೊಳಗೂ ಕೋಟ್ಯಂತರ ಮಕ್ಕಳು ಒಳಗೆ ಬಂದಿದ್ದಾರೆ ಎಂಬುದನ್ನು ಮರೆಯಬಾರದು. ಉಗಾಂಡವು 1997ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿದಾಗ, ಸುಮಾರು 30 ಲಕ್ಷವಿದ್ದ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ 50 ಲಕ್ಷವನ್ನು ಮೀರಿತು. ಕೀನ್ಯದಲ್ಲಿ 2003ರಲ್ಲಿ ಶುಲ್ಕ ಹೋಯಿತು. ಮರುವರ್ಷ ಕಿಮಾನಿ ಮರೂಗೆ ಎಂಬ 84 ವರ್ಷದ ವೃದ್ಧರು ಸಮವಸ್ತ್ರ ತೊಟ್ಟು ಒಂದನೆಯ ತರಗತಿಗೆ ಬಂದು ಕುಳಿತರು. ಶುಲ್ಕವೆಂಬ ಒಂದು ಅಡ್ಡಗೋಡೆ ಎಷ್ಟು ಮಂದಿಯನ್ನು ಹೊರಗಿಟ್ಟಿತ್ತೆಂಬುದು ಅದು ಬಿದ್ದ ಮೇಲೆಯೇ ಲೋಕಕ್ಕೆ ಗೊತ್ತಾಯಿತು. ಬಳ್ಳಾರಿಯ ಕ್ಯಾಂಬೆಲ್ 1823ರಲ್ಲಿ ಬರೆದದ್ದೂ ಇದನ್ನೇ ಅಲ್ಲವೆ?

ಗೋಡೆ ಬಿದ್ದಮೇಲೆ ಮಕ್ಕಳೇನೋ ನುಗ್ಗಿದರು. ಅಲ್ಲಿ ಒಬ್ಬೊಬ್ಬ ಉಪಾಧ್ಯಾಯನ ಮುಂದೆ ನೂರರ ಹತ್ತಿರ ಮಕ್ಕಳು ಕೂರುವಂತಾಯಿತು. ಬಾಗಿಲು ತೆರೆಯುವುದು ಒಂದು ಕೆಲಸ, ಒಳಗೆ ಬಂದವರಿಗೆ ಕಲಿಸುವುದು ಇನ್ನೊಂದು ಕೆಲಸ. ನಾರ್ಮಲ್ ಸ್ಕೂಲಿನ ತರಬೇತಿಯಿಲ್ಲದೆ ಹೋಬಳಿಗೆ ಮೇಷ್ಟರನ್ನು ಕಳುಹಿಸಬಾರದೆಂದ ರೈಸರ ದೂರದೃಷ್ಟಿ ಇಲ್ಲಿ ನೆನಪಿಗೆ ಬರುತ್ತದೆ.

ನಮ್ಮಲ್ಲಿಯೂ ಅಡ್ಡಗೋಡೆಗಳು ಒಂದೊಂದಾಗಿ ಗೋಚರಿಸಿದವು. ಹಸಿವು ಒಂದು. 2002ರಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ನಾಡಿಗೆಲ್ಲ ಹಬ್ಬಿದ ಅಕ್ಷರ ದಾಸೋಹವು, ಮಧ್ಯಾಹ್ನದ ಊಟಕ್ಕಾಗಿ ಮಗು ಮನೆಗೆ ಹೋಗಿ ಮತ್ತೆ ಬಾರದಿರುವುದನ್ನು ತಪ್ಪಿಸಿತು. ಕಾಗದಪತ್ರ ಇನ್ನೊಂದು. ಇದರ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪ್ರವೇಶದ ಪುಸ್ತಕ ನನ್ನ ವಶದಲ್ಲಿದ್ದಾಗ, ಒಬ್ಬ ಹುಡುಗ ತಂದೆಯ ಜೊತೆ ಬಂದನು. ಬೇರೆ ಊರಿನ ಶಾಲೆಯಿಂದ ವರ್ಗಾವಣೆ ಪತ್ರ ತಂದಿರಲಿಲ್ಲ. ನಿಯಮದಂತೆ, “ಪತ್ರ ತೆಗೆದುಕೊಂಡು ಬನ್ನಿ” ಎಂದು ಕಳುಹಿಸಿದೆ. ಅವರ ಊರಿಗೆ ಹೋಗಿಬರುವ ಬಸ್ಸಿನ ಹಣ ಎರಡು ದಿನದ ಕೂಲಿಯೆಂಬುದು ನನಗೆ ಹೊಳೆಯಲಿಲ್ಲ. ಅವರು ಮತ್ತೆ ಬರಲಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ಮಗುವಿಗೆ ಪ್ರವೇಶ ನಿರಾಕರಿಸಕೂಡದು ಎನ್ನುತ್ತದೆ. ಆ ಪ್ರಕರಣವನ್ನು ಮೊದಲ ಬಾರಿ ಓದಿದಾಗ ನನ್ನ ಕಣ್ಣ ಮುಂದೆ ಬಂದು ನಿಂತವನು ಆ ಹುಡುಗನೇ. ಕಾನೂನು ಬರುವ ಮುನ್ನವೇ ಉಪಾಧ್ಯಾಯನ ವಿವೇಕ ಅದನ್ನು ಹೇಳಬೇಕಾಗಿತ್ತು.

ಅದೇ ಕಾಯಿದೆಯ ನಿಯಮಗಳು ಕೆಳತರಗತಿಗಳಿಗೆ ಒಂದು ಕಿಲೋಮೀಟರು, ಮೇಲ್ತರಗತಿಗಳಿಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕೆನ್ನುತ್ತವೆ. 1868ರ ಹೋಬಳಿಯಿಂದ ಒಂದು ಕಿಲೋಮೀಟರಿನವರೆಗೆ ಶಾಲೆ ನಮ್ಮ ಕಡೆಗೆ ನಡೆದು ಬಂದಿದೆ. ಇದಕ್ಕೆ ಹೆಚ್ಚು ಕಡಿಮೆ ಒಂದೂವರೆ ಶತಮಾನ ಹಿಡಿಯಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಅಕ್ಷರಸ್ಥರು ನೂರಕ್ಕೆ 75ನ್ನು ದಾಟಿದ್ದರು. ಹಾಗಿದ್ದೂ 2020ರಲ್ಲಿ ಕೊರೋನಾ ವ್ಯಾಧಿ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ, ಆ ಒಂದು ಕಿಲೋಮೀಟರು ಮತ್ತೆ ದಾಟಲಾಗದ ದೂರವಾಯಿತು. ಆಗ ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ನಮ್ಮ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ, ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಕೂಲಿಮಠದ ಜಗಲಿಯೇ ಮರಳಿ ಬಂದಂತಾಯಿತು. ಆದರೆ ಈ ಸಲ ಕಾಸು ಕೇಳುವವರಿರಲಿಲ್ಲ, ಕುಲ ಕೇಳುವವರಿರಲಿಲ್ಲ, ಹೆಣ್ಣುಮಕ್ಕಳು 60 ಮಂದಿಯಷ್ಟೇ ಇರಲಿಲ್ಲ.

ಮರಳರಾಶಿಯ ಹುಡುಗಿಯ ಮಾತಿಗೆ ಹಿಂದಿರುಗುತ್ತೇನೆ. ತಾಯಿಯ ಪ್ರಶ್ನೆಗೆ ಉತ್ತರ ನಮ್ಮ ನಾಡಿನಲ್ಲೇ ಇತ್ತು. 1975ರ ಅಕ್ಟೋಬರ್ 2ರಂದು ಶಿಶುಗಳ ಅಭಿವೃದ್ಧಿ ಸೇವೆಯ ಕೆಲಸ ಕರ್ನಾಟಕದಲ್ಲಿ ಮೊದಲು ಆರಂಭವಾದುದು ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿ ಎಂಬ ಮಾತು ಮನೆಮಾತಾದುದು ಅಲ್ಲಿಂದೀಚೆಗೆ. ಅಂಗನವಾಡಿಯೆಂದರೆ ಚಿಕ್ಕ ಮಗುವಿನ ಹಿಟ್ಟು ಹಾಲಿನ ಏರ್ಪಾಟು ಎಂದಷ್ಟೇ ನಾವು ತಿಳಿಯುತ್ತೇವೆ. ತಮ್ಮ ಅಂಗನವಾಡಿಗೆ ಹೋದರೆ ಅಕ್ಕ ಶಾಲೆಗೆ ಹೋಗಬಲ್ಲಳು. ಮಾರನೆಯ ವಾರ ಆ ತಾಯಿಯ ಜೊತೆ ನಾನೂ ಹೋಗಿ ಎರಡು ಕಡೆಯೂ ಹೆಸರು ಬರೆಯಿಸಿ ಬಂದೆ. ವರ್ಗಾವಣೆ ಪತ್ರವನ್ನು ಯಾರೂ ಕೇಳಲಿಲ್ಲ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದೆ ಬಿದ್ದ ಪಾಠವನ್ನು ಬೇರೆಯಾಗಿ ಹೇಳಿಕೊಡುವುದೂ ಈಗ ಅವಳ ಹಕ್ಕು.

ಕಟ್ಟಡ ಮುಗಿಯುತ್ತ ಬಂದಿದೆ. ಮುಗಿದ ಮೇಲೆ ಆ ಕುಟುಂಬ ಯಾವ ಬಡಾವಣೆಗೆ, ಯಾವ ಊರಿಗೆ ಹೋಗುವುದೋ ಅವರಿಗೂ ತಿಳಿಯದು. ಅಲ್ಲಿಯೂ ಶಾಲೆ ಇದ್ದೇ ಇರುತ್ತದೆ, ಬಹುಶಃ ಹತ್ತಿರದಲ್ಲಿಯೇ. ಅಲ್ಲಿ ಆ ಹುಡುಗಿ ಮತ್ತೊಮ್ಮೆ ಮರಳರಾಶಿಯ ಮೇಲೆ ಕುಳಿತಿದ್ದರೆ, ಆ ದಾರಿಯಲ್ಲಿ ಹೋಗುವವರು ಯಾರಾದರೂ ಒಂದು ಗಳಿಗೆ ನಿಂತು ವಿಚಾರಿಸಬೇಕು. ಒಂದು ಹೋಬಳಿಗೆ ಒಂದು ಶಾಲೆಯೆಂದು ಎಣಿಸಿದ ಕಾಲ ಕಳೆದು, ಒಂದೊಂದು ಮಗುವನ್ನೂ ಎಣಿಸಬೇಕಾದ ಕಾಲ ಬಂದಿದೆ. ಆ ಎಣಿಕೆ ಸರ್ಕಾರದ ಕಚೇರಿಯಲ್ಲಿ ಮಾತ್ರ ನಡೆದರೆ ಸಾಲದು. ನಮ್ಮ ನಮ್ಮ ಬೀದಿಗಳಲ್ಲಿಯೂ ನಡೆಯಬೇಕಾಗಿದೆ.